ಪಿಲ್ಚರ್ಡ್‌ನ ಏಳು ಪದಬಂಧಗಳು

ಫೆಬ್ರವರಿ 2, 1988, ಮಂಗಳವಾರ

ಕಾಲುವೆ ಮಂಡಳಿಯವರು ತಮ್ಮ ನಿವೃತ್ತ ನೌಕರರಿಗೆ ವರ್ಷವರ್ಷವೂ ಪುಕ್ಕಟೆ ಕಳಿಸುವ ಡೈರಿ ಇದು. ನನ್ನ ಗಂಡ ಆಬ್ರಿಯ ಹೆಸರಿಗೇ ಬಂದಿದೆ. ಮೊದಲ ಹತ್ತು ಪುಟ ಸಮುದ್ರದ ಉಬ್ಬರ ಇಳಿತದ ವೇಳಾಪಟ್ಟಿ. ಜನವರಿಯ ಪುಟಗಳು ಖಾಲಿ. ಹಾಗೇ ಇರಲಿ.

ಅವನು ಹೋಗಿ ಎರಡು ವಾರವಾಯಿತು. ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿದ. ಹೃದಯ ಎಂದರು ಡಾಕ್ಟರು. ನನಗೆ ಇನ್ನೂ ಅಳು ಬಂದಿಲ್ಲ. ಬರಬೇಕಿತ್ತೇನೋ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ದವಡೆ ನಮ್ಮದಲ್ಲ ಅನ್ನಿಸುತ್ತದೆ, ಅಷ್ಟೇ ಇದು.

ಪತ್ರಿಕೆಯಿಂದ ಮಿಸ್ಟರ್ ಪಿಮ್ ಫೋನ್ ಮಾಡಿದ್ದರು. ಪದಬಂಧ ವಿಭಾಗದ ಸಂಪಾದಕರು. ಆಬ್ರಿ ಕಳಿಸಿಟ್ಟ ಏಳು ಪದಬಂಧಗಳು ಅವರ ಡ್ರಾಯರಿನಲ್ಲಿ ಇವೆಯಂತೆ. ಹದಿನೈದು ದಿನಕ್ಕೊಂದು ಗುರುವಾರ ಅವನ ಸರದಿ. ಡ್ರಾಯರು ಬರಿದಾಗುವವರೆಗೆ ಸಾವಿನ ಸುದ್ದಿ ಹಾಕುವುದಿಲ್ಲ, ಕೊನೆಯ ಪದಬಂಧದ ಕೆಳಗೆ ಕಪ್ಪು ಗೆರೆ ಎಳೆದು ಎರಡು ಸಾಲು ಹಾಕುತ್ತಾರೆ, ಅದು ಅವರಲ್ಲಿ ರೂಢಿ. ಅಲ್ಲಿಯವರೆಗೆ ಓದುಗರ ಪಾಲಿಗೆ ಪಿಲ್ಚರ್ಡ್ ಬದುಕಿರುತ್ತಾನೆ. ಪಿಲ್ಚರ್ಡ್ ಅಂದರೆ ಆಬ್ರಿಯ ಅಂಕಿತನಾಮ. ಡಬ್ಬಿಯಲ್ಲಿ ಬರುವ ಬಡಪಾಯಿ ಮೀನು. ಹಾಕೋದಾ ಬೇಡವಾ ಎಂದು ಪಿಮ್ ಕೇಳಿದರು. ಹಾಕಿ ಎಂದೆ.

ಆಬ್ರಿಯ ಅಕ್ಕ ಥೆಲ್ಮಾ ಮಾಮೂಲಿನಂತೆ ಬಂದು ಹಂದಿ ಮಾಂಸದ ಪೈ ಇಟ್ಟು ಹೋದಳು. ನಾನು ಟೋಸ್ಟ್ ತಿಂದೆ.

ಫೆಬ್ರವರಿ 4, ಗುರುವಾರ

ಪೇಪರು ಬಂತು. ಬಿಚ್ಚಲಿಲ್ಲ. ಕಲ್ಲಿದ್ದಲಿನ ಬುಟ್ಟಿಯ ಕೆಳಗೆ ಹಾಸಿದೆ.

ಫೆಬ್ರವರಿ 5, ಶುಕ್ರವಾರ

ಮಂಜು.

ಫೆಬ್ರವರಿ 9, ಮಂಗಳವಾರ

ಥೆಲ್ಮಾ ಬಂದಿದ್ದಳು. ಕಳೆದ ವಾರದ ಪೈ ಹಾಗೇ ಇರುವುದನ್ನು ನೋಡಿ ತಾನೇ ಎತ್ತಿ ಹೊರಗೆ ಹಾಕಿದಳು. ಎಪ್ಪತ್ತು ವರ್ಷದ ಹೆಂಗಸು, ಪ್ರಾರ್ಥನಾಮಂದಿರದ ಹೂವಿನ ಜವಾಬ್ದಾರಿ ಇವಳದೇ, ಬಾಯಿ ಮಾತ್ರ ಹೂವಲ್ಲ. ಗುರುವಾರದ ಪದಬಂಧ ಮಾಡಿದೆಯಾ ಎಂದು ಕೇಳಿದಳು. ಇಲ್ಲ ಎಂದೆ.

"ಬದುಕಿದ್ದಾಗ್ಲೂ ಮಾಡ್ಲಿಲ್ಲ, ಈಗ್ಲೂ ಮಾಡಲ್ವಾ?" ಎಂದಳು.

ಅವಳಿಗೆ ಆಬ್ರಿಯೇ ಹೇಳಿರಬೇಕು. ಬರೆದಿಟ್ಟರೆ ಹೇಗೆ ಕಾಣುತ್ತದೋ ನೋಡೋಣ. ಇಪ್ಪತ್ತೊಂಬತ್ತು ವರ್ಷ ಅವನ ಪ್ರತಿಯೊಂದು ಪದಬಂಧವನ್ನೂ ಮೊದಲು ಬಿಡಿಸಿದವಳು ನಾನು. ಪರೀಕ್ಷೆಯಾಗದ ಪದಬಂಧವನ್ನು ಯಾರೂ ಪತ್ರಿಕೆಗೆ ಕಳಿಸುವುದಿಲ್ಲ. ನಾನು ಅಡುಗೆಮನೆಯ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂರುವುದು, ಅವನು ನನ್ನ ಹಿಂದೆ ಸಿಂಕಿನ ಹತ್ತಿರ ನಿಂತು ತೊಳೆದ ಕಪ್ಪನ್ನೇ ತೊಳೆಯುವುದು. ಮಾತಾಡುವ ಹಾಗಿಲ್ಲ. ಮುಗಿದ ಮೇಲೆ ಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರ, ಹಿಡಿದ ಸಮಯ, ನ್ಯಾಯವಾಗಿದೆಯೋ ಇಲ್ಲವೋ ಎಂಬ ಒಂದು ಮಾತು. ಮೂವತ್ತು ನಿಮಿಷಕ್ಕಿಂತ ಕಡಿಮೆಯಲ್ಲಿ ಒಂದನ್ನೂ ಬಿಡಿಸಿದವಳಲ್ಲ ನಾನು.

ಸೆಪ್ಟೆಂಬರಿನಲ್ಲಿ ಒಂದು ತಪ್ಪು ತೋರಿಸಿದೆ. ಸುಳಿವಿನಲ್ಲಿ ಏಳಕ್ಷರ ಅಂತಿದೆ, ಚೌಕ ಆರೇ ಇದೆ ಎಂದೆ. ಅವನು ಒಪ್ಪಲಿಲ್ಲ. ಎಣಿಸಿ ತೋರಿಸಿದೆ, ಆಗಲೂ ಒಪ್ಪಲಿಲ್ಲ. ನನಗೆ ತಲೆ ಮಂಕಾಗಿದೆಯಂತೆ. ಕೂಗಾಡಿದ. ಮೂವತ್ತು ವರ್ಷದಲ್ಲಿ ಕೂಗಿದವನಲ್ಲ. ನಾನು ಪೆನ್ಸಿಲ್ ಕೆಳಗಿಟ್ಟು, ಹಾಗಾದರೆ ಇನ್ನು ನೀನೇ ನೋಡಿಕೋ ಎಂದೆ. ಬಂದು ತಪ್ಪಾಯಿತು ಎನ್ನಲಿ ಎಂದು ಕಾದೆ. ಅಕ್ಟೋಬರ್, ನವೆಂಬರ್, ಡಿಸೆಂಬರ್. ಬರಲಿಲ್ಲ. ನಾನೂ ಹೋಗಲಿಲ್ಲ. ಈ ಏಳೂ ನಾನು ನೋಡದೇ ಹೋದವು.

ಬರೆದರೂ ಏನೂ ಅನ್ನಿಸುತ್ತಿಲ್ಲ.

ಫೆಬ್ರವರಿ 18, ಗುರುವಾರ

ಎರಡನೆಯದು. ಇವತ್ತು ಬಿಡಿಸಿದೆ, ಬೇರೆ ಕೆಲಸವಿರಲಿಲ್ಲ. ಐವತ್ತೊಂದು ನಿಮಿಷ.

ಹದಿನಾಲ್ಕನೆಯ ಸುಳಿವು: 'ಅಂಚೆ ಎಲ್ಲ ಕಲಸಿಹೋಗಿದೆ, ಸಾಕು.' ಪೋಸ್ಟ್ ಅನ್ನುವ ಪದದ ಪಿ, ಒ, ಎಸ್, ಟಿ ಅಕ್ಷರಗಳನ್ನು ಕಲಸಿದರೆ ಸ್ಟಾಪ್. ಸಾಕು, ನಿಲ್ಲಿಸು. ಇದು ಅವನ ಹಳೆಯ ಸುಳಿವು. 1958ರಲ್ಲಿ ಮೊಟ್ಟಮೊದಲು ಅಚ್ಚಾದ ಪದಬಂಧದ್ದು. ಮತ್ತೆ ಬಳಸಿದ್ದಾನಲ್ಲ ಎಂದುಕೊಂಡೆ. ಆಮೇಲೆ ಏನೋ ಅನುಮಾನ ಬಂದು ಬುಟ್ಟಿ ಎತ್ತಿ ಫೆಬ್ರವರಿ 4ರ ಪೇಪರು ತೆಗೆದೆ. ಮಸಿಯಾಗಿತ್ತು, ಆದರೂ ಓದಬಹುದಿತ್ತು. ಅದರಲ್ಲೂ ಇದೆ. ಅದೇ ಸುಳಿವು, ಒಂದಕ್ಷರ ಬದಲಿಲ್ಲ.

ಒಂದು ಸುಳಿವನ್ನು ಹತ್ತು ವರ್ಷದೊಳಗೆ ಎರಡನೆಯ ಸಲ ಹಾಕಿದವನಲ್ಲ ಅವನು.

ಫೆಬ್ರವರಿ 22, ಸೋಮವಾರ

ಮಿಸ್ಟರ್ ಪಿಮ್ ಫೋನ್. ಹೇಗೆ ಹೇಳುವುದೆಂದು ತಡವರಿಸುತ್ತಿದ್ದರು. ಓದುಗರ ಹನ್ನೊಂದು ಕಾಗದ ಬಂದಿವೆ. ಪಿಲ್ಚರ್ಡ್‌ಗೆ ಅರಳುಮರಳೇ ಎಂದು ಒಬ್ಬರು ಬರೆದಿದ್ದಾರಂತೆ. ಮೂರನೆಯದನ್ನು ತೆರೆದು ನೋಡಿದರೆ ಅದು ಇನ್ನೂ ಕೆಟ್ಟದಾಗಿದೆಯಂತೆ. ಅಕ್ಟೋಬರಿನಿಂದಲೇ ಅವರು ಸದ್ದಿಲ್ಲದೆ ಸರಿಮಾಡಿಕೊಂಡು ಹಾಕುತ್ತಿದ್ದರು. ಈಗ ಕೈಮೀರಿದೆ, ಉಳಿದ ಐದನ್ನೂ ನಿಲ್ಲಿಸಿ ಸಾವಿನ ಸುದ್ದಿ ಹಾಕಿಬಿಡುವುದು ಆಬ್ರಿಯ ಮರ್ಯಾದೆಗೆ ಒಳ್ಳೆಯದು ಎಂದರು.

ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನಾನು ನವೆಂಬರಲ್ಲೇ ಕೇಳಿದ್ದೆ ಮಿಸೆಸ್ ಸ್ಟಾಕ್‌ಡೇಲ್. ನಮ್ಮನೆಯವಳು ಎಲ್ಲಾ ನೋಡಿದ್ದಾಳೆ ಅಂದ್ರು. ನಿಮ್ಮ ಸಮಯ ಮೂಲೇಲಿ ಬರ್ದಿರ್ತಿತ್ತಲ್ಲ, ಅದಕ್ಕೆ ನಾನು ಸುಮ್ಮನಾದೆ."

ನಾನು ಇಲ್ಲ ಎನ್ನಲಿಲ್ಲ. ಹೌದು ಎನ್ನಲೂ ಇಲ್ಲ. ಐದನ್ನೂ ನನಗೆ ಕಳಿಸಿ, ಸರಿಮಾಡಿ ಕೊಡುತ್ತೇನೆ ಎಂದೆ. ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು. ಮೂರನೆಯದು ಇಪ್ಪತ್ತೊಂಬತ್ತನೇ ತಾರೀಖಿನೊಳಗೆ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಪಿಲ್ಚರ್ಡ್ ಅಲ್ಲಿಗೇ ಮುಗಿದ, ಅದೂ ಅರಳುಮರಳಿನವನಾಗಿ.

ಫೆಬ್ರವರಿ 25, ಗುರುವಾರ

ಕಟ್ಟು ಬಂತು. ಐದು ಲಕೋಟೆ, ಎರಡು ತೆರೆದಿದ್ದು, ಮೂರು ಅವನು ಅಂಟಿಸಿದ ಹಾಗೇ ಇದ್ದವು.

ಮೂರನೆಯದರ ಮೂಲೆಯಲ್ಲಿ: 'ವಿ. 19 ನಿಮಿಷ. ನ್ಯಾಯವಾಗಿದೆ.'

ವಿ ಅಂದರೆ ವಿನಿಫ್ರೆಡ್, ನಾನು. ನನ್ನ ಕೈಬರಹವನ್ನೇ ಅನುಕರಿಸಿದ್ದಾನೆ, ಅಕ್ಷರದ ಬಾಲ ಸೊಟ್ಟಗೆ ಬರೆಯುವ ನನ್ನ ಚಾಳಿಯನ್ನೂ ಬಿಟ್ಟಿಲ್ಲ. ನಾಲ್ಕನೆಯದರಲ್ಲಿ ಹದಿನೇಳು ನಿಮಿಷ. ಈ ಲೆಕ್ಕದಲ್ಲಿ ನಾನು ಇಡೀ ಇಂಗ್ಲೆಂಡಿನಲ್ಲೇ ಅತಿ ಚುರುಕಿನವಳು.

ಕದ್ದು ಬರೆದವನು ನನ್ನ ನಿಜವಾದ ಸಮಯವನ್ನೇ ಬರೆದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅಷ್ಟು ಉದಾರಿಯಾಗಬೇಕಾದ್ದೇನಿತ್ತು.

ಫೆಬ್ರವರಿ 27, ಶನಿವಾರ

ಮೂರನೆಯದನ್ನು ಎರಡು ದಿನ ಕೂತು ಸರಿಮಾಡಿದೆ. ಸ್ಟಾಪ್ ಅನ್ನುವ ಉತ್ತರ ಒಂದೇ ಪದಬಂಧದಲ್ಲಿ ಎರಡು ಕಡೆ ಇತ್ತು. ಒಂದನ್ನು ತೆಗೆದರೆ ಅದಕ್ಕೆ ಅಡ್ಡ ಬರುವ ನಾಲ್ಕು ಪದವೂ ಹೋಗುತ್ತವೆ, ಅವನ್ನು ಬದಲಿಸಿದರೆ ಅವುಗಳ ನೆಂಟರು. ಸ್ವೆಟರಿನ ಒಂದು ಎಳೆ ಎಳೆದ ಹಾಗೆ. ಹನ್ನೆರಡು ಹೊಸ ಸುಳಿವು ಬರೆಯಬೇಕಾಯಿತು. ಕೆಟ್ಟದಾಗಿವೆ. ಅವನ ಹದಿಮೂರನ್ನು ಮುಟ್ಟಿಲ್ಲ. 19 ಅಳಿಸಿ 44 ಎಂದು ಬರೆದು ಬೆಳಗಿನ ಅಂಚೆಗೆ ಹಾಕಿದೆ. ನನ್ನ ಕಾಲುಚೀಲ ಒಂದು ನೀಲಿ ಒಂದು ಕಂದು ಎಂದು ಬರುವಾಗ ಕಂಡಿತು.

ಮಾರ್ಚ್ 1, ಮಂಗಳವಾರ

ಇವತ್ತು ಅವನ ಕಾರ್ಡು ಪೆಟ್ಟಿಗೆಗಳನ್ನು ತೆಗೆದೆ. ಹದಿನಾರು ಚಪ್ಪಲಿ ಡಬ್ಬಿ, ಒಂದು ಪದಕ್ಕೆ ಒಂದು ಕಾರ್ಡು. ಪದಕ್ಕೆ ಎಷ್ಟು ಅರ್ಥ, ಅಕ್ಷರ ಕಲಸಿದರೆ ಏನೇನು ಹುಟ್ಟುತ್ತದೆ, ಯಾವ ಸುಳಿವನ್ನು ಯಾವ ದಿನ ಬಳಸಿದ್ದು, ಎಲ್ಲ ಇರುವೆ ಸಾಲಿನ ಅಕ್ಷರದಲ್ಲಿ. ನಾಲ್ಕನೆಯದಕ್ಕೆ ಬೇಕಾಗಿ 'ಪೋಸ್ಟ್' ಪದದ ಕಾರ್ಡು ಹುಡುಕಿದೆ.

ಅಂಚೆ. ಕಂಬ. ಹುದ್ದೆ. ಸಿಪಾಯಿ ಕಾವಲು ನಿಲ್ಲುವ ಜಾಗ. ಗೋಡೆಗೆ ನೋಟೀಸು ಹಚ್ಚುವುದು. ಇನ್ನೊಂದು ಪದದ ಮೊದಲಿಗೆ ಸೇರಿಸಿದರೆ 'ನಂತರ' ಎಂಬರ್ಥ. ಅದರ ಕೆಳಗೆ ಪಿ, ಒ, ಎಸ್, ಟಿ ನಾಲ್ಕೇ ಅಕ್ಷರಗಳಿಂದ ಹುಟ್ಟಿದವರು: ಪೋಸ್ಟ್, ಸ್ಟಾಪ್, ಸ್ಪಾಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್. ಆರು ಮಕ್ಕಳು, ಮನೆಯಲ್ಲಿ ಇರುವುದು ನಾಲ್ಕೇ ಅಂಗಿ, ಸರದಿಯ ಮೇಲೆ ಹಾಕಿಕೊಳ್ಳುತ್ತವೆ ಎನ್ನುತ್ತಿದ್ದ. ಮದುವೆಗೆ ಮುಂಚೆ, ಸ್ಟೇಷನ್ನಿನ ಟೀ ಅಂಗಡಿಯಲ್ಲಿ, ಕಾಗದದ ಕರವಸ್ತ್ರದ ಮೇಲೆ ಈ ನಾಲ್ಕಕ್ಷರ ಬರೆದು ನನ್ನ ಕಡೆಗೆ ನೂಕಿದ್ದ. ನಾನು ಐದು ಕಂಡುಹಿಡಿದೆ. ಆರನೆಯದು ಅವನು ಹೇಳಿದ. ಅದು ಪದವೇ ಅಲ್ಲ ಎಂದು ನಾನು ಜಗಳವಾಡಿದೆ. ರೈಲು ತಪ್ಪಿತು.

ಕಾರ್ಡಿನ ಹಿಂಬದಿ ತುಂಬಿ, ಅದಕ್ಕೆ ಇನ್ನೊಂದು ಕಾರ್ಡು ಪಿನ್ ಮಾಡಿದ್ದಾನೆ. ಅದರಲ್ಲಿ ಒಂದೇ ಸುಳಿವು. 'ಅಂಚೆ ಎಲ್ಲ ಕಲಸಿಹೋಗಿದೆ, ಸಾಕು.' ಅಕ್ಟೋಬರ್ 3. ಅದರ ಕೆಳಗೆ ಮತ್ತೆ ಅದೇ, ಅಕ್ಟೋಬರ್ 11. ಮತ್ತೆ ಅದೇ, ಅಕ್ಟೋಬರ್ 12. ನವೆಂಬರಿನಲ್ಲಿ ಆರು ಸಲ. ಅಕ್ಷರ ದಪ್ಪವಾಗುತ್ತ ಹೋಗಿದೆ, ಕೊನೆಗೆ ಗೆರೆ ದಾಟಿದೆ. ಪ್ರತಿ ಸಲವೂ ಹೊಸದಾಗಿ ಹೊಳೆದಿದೆ ಅವನಿಗೆ. ಪ್ರತಿ ಸಲವೂ ಖುಷಿಯಾಗಿರಬೇಕು.

ಅಂದರೆ ಸೆಪ್ಟೆಂಬರಿನಲ್ಲಿ ಅವನು ಹಟ ಮಾಡಿದ್ದಲ್ಲ. ಅವನಿಗೆ ಎಣಿಸಲು ಆಗಿರಲಿಲ್ಲ.

ನಾನು ಇದೇ ಮನೆಯಲ್ಲಿದ್ದೆ. ದಿನಕ್ಕೆ ಮೂರು ಹೊತ್ತು ಎದುರಿಗೆ ಕೂತು ಊಟ ಮಾಡಿದೆ. ತಪ್ಪು ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದೆ.

ಥೆಲ್ಮಾ ಬಂದು ಬಾಗಿಲು ತಟ್ಟಿರಬೇಕು. ನನಗೆ ಕೇಳಿಸಲಿಲ್ಲ. ಪೈ ಮೆಟ್ಟಿಲ ಮೇಲಿತ್ತು.

ಮಾರ್ಚ್ 8, ಮಂಗಳವಾರ

ನಾಲ್ಕನೆಯದು ಮುಗಿಯಿತು. ಇದರಲ್ಲಿ ನನ್ನ ಸುಳಿವು ಹದಿನಾರು, ಅವನದು ಒಂಬತ್ತು. ಕೆಲವು ಪರವಾಗಿಲ್ಲ. 'ಪಾದ್ರಿ' ಪದಕ್ಕೆ ಬರೆದದ್ದು ನೆನೆಸಿಕೊಂಡು ಹಾಲಿನ ಅಂಗಡಿಯಲ್ಲಿ ನಗು ಬಂತು, ಕೆಮ್ಮಿದ ಹಾಗೆ ಮಾಡಿದೆ.

ಥೆಲ್ಮಾ ಮೇಜು ನೋಡಿದಳು. ಕಾರ್ಡುಗಳು, ರಬ್ಬರಿನ ಪುಡಿ, ಆರಿದ ಟೀ ನಾಲ್ಕು ಕಪ್ಪು. ಪೈಗೆ ಜಾಗ ಮಾಡಲು ಒಂದು ಡಬ್ಬಿ ಸರಿಸಿದ್ದಕ್ಕೆ ನಾನು ಸಿಡುಕಿದೆ.

"ಥೇಟ್ ಅವನೇ ಕೂತಿದ್ದಾನೆ, ಸ್ಕರ್ಟ್ ಹಾಕ್ಕೊಂಡು," ಎಂದಳು.

ಪೈ ತಿಂದೆ. ಎರಡು ತುಂಡು.

ಮಾರ್ಚ್ 17, ಗುರುವಾರ

ನಾಲ್ಕನೆಯದು ಅಚ್ಚಾಗಿದೆ. ಪಿಮ್ ಹೇಳುವ ಪ್ರಕಾರ ದೂರಿನ ಕಾಗದ ನಿಂತಿವೆ. ಐದನೆಯದನ್ನು ಸೋಮವಾರವೇ ಕಳಿಸಿದೆ. ಅದರಲ್ಲಿ ಅವನ ಸುಳಿವು ಉಳಿದದ್ದು ನಾಲ್ಕು. ಆರನೆಯದರಲ್ಲಿ ಎರಡೋ ಮೂರೋ ಉಳಿಸಬಹುದು.

ಹಿತ್ತಲಿನ ಕೋಸು ಪೂರ್ತಿ ಪಾರಿವಾಳದ ಪಾಲಾಗಿದೆ. ಬಲೆ ಕಟ್ಟುವುದು ಅವನ ಕೆಲಸವಾಗಿತ್ತು.

ಮಾರ್ಚ್ 29, ಮಂಗಳವಾರ

ಏಳನೆಯ ಲಕೋಟೆ ತೆರೆದೆ.

ಪದಬಂಧವೇ ಇಲ್ಲ. ಚೌಕ ಎಳೆದಿದ್ದಾನೆ, ಗೆರೆ ನೇರವಾಗಿದೆ. ಆರು ಮಕ್ಕಳೂ ಅದರಲ್ಲಿ ಇದ್ದಾರೆ. ಪೋಸ್ಟ್ ಮೇಲೆ ಎಡಕ್ಕೆ, ಸ್ಟಾಪ್ ಕೆಳಗೆ ಬಲಕ್ಕೆ, ಉಳಿದ ನಾಲ್ವರು ನಡುವೆ ಅಲ್ಲಲ್ಲಿ. ಬೇರೆ ಒಂದಕ್ಷರವಿಲ್ಲ. ಸುಳಿವಿನ ಹಾಳೆಯಲ್ಲಿ ಒಂದರಿಂದ ಇಪ್ಪತ್ತೆಂಟರವರೆಗೆ ಅಂಕಿಗಳು, ಅವುಗಳ ಮುಂದೆ ಏನೂ ಇಲ್ಲ. ಮೂಲೆಯಲ್ಲಿ 'ವಿ. 12 ನಿಮಿಷ. ನ್ಯಾಯವಾಗಿದೆ.'

ಬೇಕೆಂದೇ ಆರನ್ನೂ ಹಾಗೆ ಕೂರಿಸಿದನೋ, ಬೇರೆ ಪದವೇ ನೆನಪಾಗಲಿಲ್ಲವೋ, ಗೊತ್ತಿಲ್ಲ. ಕೇಳಲು ಅವನಿಲ್ಲ. ಇದ್ದಾಗ ಕೇಳಬಹುದಿತ್ತು.

ಆರಕ್ಕೇ ಮುಗಿಯಿತು ಎಂದು ಪಿಮ್‌ಗೆ ಹೇಳಬಹುದು. ಅವರೂ ಏನೂ ಅನ್ನುವುದಿಲ್ಲ. ಏಪ್ರಿಲ್ ಹದಿನಾಲ್ಕಕ್ಕೆ ಆರನೆಯದರ ಕೆಳಗೆ ಕಪ್ಪು ಗೆರೆ ಎಳೆದು ಎರಡು ಸಾಲು ಹಾಕುತ್ತಾರೆ. ಆದರೆ ಏಳು ಎಂದು ಅವನು ಲೆಕ್ಕ ಕೊಟ್ಟಿದ್ದಾನೆ.

ಪೆನ್ಸಿಲ್ ಚೂಪು ಮಾಡಿಕೊಂಡೆ.

ಏಪ್ರಿಲ್ 3, ಈಸ್ಟರ್ ಭಾನುವಾರ

ಥೆಲ್ಮಾ ಜೊತೆ ಪ್ರಾರ್ಥನೆಗೆ ಹೋದೆ. ಬೋಧನೆಯ ನಡುವೆ ಮಧ್ಯದ ಅಡ್ಡಸಾಲಿಗೆ ಒಂಬತ್ತಕ್ಷರದ ಪದ ಸಿಕ್ಕಿತು. ಹಾಡಿನ ಪುಸ್ತಕದ ಹಿಂದೆ ಬರೆದುಕೊಂಡೆ. ದೇವರು ಕ್ಷಮಿಸಬಹುದು, ಥೆಲ್ಮಾ ಮಂಡಿಗೆ ತಿವಿದಳು.

ಏಪ್ರಿಲ್ 12, ಮಂಗಳವಾರ

ಏಳನೆಯದು ನಿನ್ನೆಯೇ ಮುಗಿದಿತ್ತು. ಇಪ್ಪತ್ತೆಂಟರಲ್ಲಿ ಇಪ್ಪತ್ತೇಳು ನನ್ನವು. ಸ್ಟಾಪ್‌ಗೆ ಅವನ ಹಳೆಯದನ್ನೇ ಇಟ್ಟೆ. ಹತ್ತು ವರ್ಷದ ನಿಯಮ ಮುರಿಯುತ್ತದೆ. ಮುರಿಯಲಿ.

ಆದರೆ ಪರೀಕ್ಷೆ ಯಾರು ಮಾಡಬೇಕು? ಹೆಣೆದವರೇ ಬಿಡಿಸುವ ಹಾಗಿಲ್ಲ. ಥೆಲ್ಮಾ ಪೈ ತೆಗೆದಿಡುತ್ತಿದ್ದಾಗ ಇದನ್ನು ಹೇಳಿಕೊಂಡೆ, ಅವಳಿಂದ ಏನಾದರೂ ಆಗುತ್ತದೆ ಎಂದಲ್ಲ. ಅವಳು ಕೋಟು ಬಿಚ್ಚಿ ಮೇಜಿನ ಮುಂದೆ ಕೂತಳು.

"ಮೂವತ್ತು ವರ್ಷದಿಂದ ಒಂದೂ ಬಿಟ್ಟಿಲ್ಲ ನಾನು," ಎಂದಳು. "ಅವನಿಗೆ ಹೇಳಿರ್ಲಿಲ್ಲ ಅಷ್ಟೆ. ಮೊದ್ಲೇ ಉಬ್ಬಿಹೋಗಿದ್ದ. ಪೆನ್ಸಿಲ್ ಕೊಡು."

ಕೊಟ್ಟೆ. ಅವಳು ಕನ್ನಡಕ ಒರೆಸಿ ಶುರು ಮಾಡಿದಳು. ಎದುರಿಗೆ ಕೂತರೆ ಅವಳಿಗೆ ತೊಂದರೆ ಎಂದು ನಾನು ಸಿಂಕಿನ ಹತ್ತಿರ ಹೋದೆ. ಅವಳು ಏಳನೆಯದಕ್ಕೆ ತಲೆ ಕೆರೆದುಕೊಂಡಳು, ಹತ್ತನೆಯದಕ್ಕೆ ಹುಂ ಎಂದಳು. ಅದು ಒಳ್ಳೆಯ ಹುಂ ಹೌದೋ ಅಲ್ಲವೋ ತಿಳಿಯಲಿಲ್ಲ. ಪಾದ್ರಿಯದಕ್ಕಿಂತ ಚೆನ್ನಾಗಿದ್ದ ನನ್ನ ಹದಿನೇಳನೆಯದನ್ನು ನಗದೇ ದಾಟಿ ಹೋದಳು. ಬೇಜಾರಾಯಿತು.

ಅರ್ಧ ಗಂಟೆಯಾಗಿರಬೇಕು. ತಿರುಗಿ ನೋಡದೇ ಹೇಳಿದಳು, "ವಿನ್ನಿ, ಆ ಕಪ್ಪಿನ ಹೂವೆಲ್ಲಾ ಕಿತ್ತು ಬರುತ್ತೆ ಬಿಡೇ. ಎಷ್ಟು ಸಲ ತೊಳೀತೀಯಾ?"

ಕಪ್ಪು ಕೆಳಗಿಟ್ಟೆ.

ಮುಗಿಸಿದ ಮೇಲೆ ಇಪ್ಪತ್ತೊಂದನೆಯದು ತಪ್ಪು ಎಂದಳು. ಇಲ್ಲ, ಸರಿಯಾಗೇ ಇದೆ ಎಂದೆ. ಒಂದಕ್ಷರ ಕಡಿಮೆ ಇದೆ ಎಣಿಸು ಎಂದಳು. ನಿನಗೇನು ಗೊತ್ತು, ಹದಿನೈದು ದಿನ ಕೂತು ಮಾಡಿದವಳು ನಾನು ಎಂದೆ. ಕೂಗಿಯೇ ಹೇಳಿದೆ, ಪಕ್ಕದ ಮನೆಯ ನಾಯಿ ಬೊಗಳಿತು. ಸೆಪ್ಟೆಂಬರಿನ ನಂತರ ಈ ಮನೆಯಲ್ಲಿ ಯಾರೂ ಕೂಗಿರಲಿಲ್ಲ. ಥೆಲ್ಮಾ ಪೆನ್ಸಿಲ್ ಕೆಳಗಿಡಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಹಾಳೆಯನ್ನು ನನ್ನ ಕಡೆಗೆ ನೂಕಿ, ನಾನು ಎಣಿಸುವವರೆಗೂ ಕೂತಿದ್ದಳು.

ಎಣಿಸಿದೆ. ಒಂದು ಕಡಿಮೆ ಇತ್ತು.

"ನೀನು ಹೇಳಿದ್ದು ಸರಿ," ಎಂದೆ. ಅಷ್ಟು ಹೇಳಿದ್ದೇ ಅಳು ಬಂತು, ಆಮೇಲೆ ನಿಲ್ಲಲಿಲ್ಲ. ಅಡುಗೆಮನೆಯ ಟವೆಲು ಪೂರ್ತಿ ಒದ್ದೆಯಾಯಿತು. ಥೆಲ್ಮಾ ಅವನಿಗಾಗಿ ಅಂದುಕೊಂಡಿರಬೇಕು. ಅವನಿಗಾಗಿಯೂ ಹೌದು. ಸೆಪ್ಟೆಂಬರಿನಲ್ಲಿ ನಾನು ಎದ್ದು ಹೋದದ್ದಕ್ಕೆ, ಕೂತಿರಬೇಕಾಗಿದ್ದದ್ದಕ್ಕೆ.

ಅವಳು ಟೀ ಮಾಡಿದಳು. ಇಪ್ಪತ್ತೊಂದನೆಯದನ್ನು ಇಬ್ಬರೂ ಸೇರಿ ಸರಿಮಾಡಿದೆವು. ಮೂಲೆಯಲ್ಲಿ 'ಥೆ. 47 ನಿಮಿಷ. ನ್ಯಾಯವಾಗಿದೆ' ಎಂದು ಬರೆದಳು. ಅದರ ಮೇಲಿದ್ದ ಅವನ ಸಾಲನ್ನು ಅಳಿಸಲು ರಬ್ಬರು ತೆಗೆದುಕೊಂಡಳು, ಬೇಡ ಎಂದೆ.

ಏಪ್ರಿಲ್ 20, ಬುಧವಾರ

ಪಿಮ್ ಕಾಗದ. ಆರನೆಯದು ಪಿಲ್ಚರ್ಡ್‌ನ ಅತಿ ಒಳ್ಳೆಯವುಗಳಲ್ಲಿ ಒಂದು ಎಂದು ಓದುಗರು ಬರೆದಿದ್ದಾರಂತೆ. ಏಳನೆಯದು ತಲುಪಿದೆ. ಕೊನೆಗೆ ಒಂದು ಸಾಲು: ಮೇ ತಿಂಗಳಿನಿಂದ ಗುರುವಾರದ ಸರದಿ ಖಾಲಿಯಾಗುತ್ತದೆ, ತಮಗೇನಾದರೂ ಆಲೋಚನೆ ಇದ್ದರೆ ತಿಳಿಸಬೇಕು. ಯಾಕೆ ಕೇಳಿದರೋ. ಉತ್ತರ ಬರೆದಿಲ್ಲ.

ಕೋಸಿಗೆ ಬಲೆ ಕಟ್ಟಿದೆ. ಕಾರ್ಡುಗಳು ಮುಗಿದಿವೆ, ಪೇಟೆಯಿಂದ ಇನ್ನೂರು ತರಬೇಕು.

ಏಪ್ರಿಲ್ 28, ಗುರುವಾರ

ಪೇಪರು ಬಂತು. ಚೌಕದ ಕೆಳಗೆ ಕಪ್ಪು ಗೆರೆ, ಎರಡು ಸಾಲು. ಪಿಲ್ಚರ್ಡ್ ಅಂದರೆ ಆಬ್ರಿ ಸ್ಟಾಕ್‌ಡೇಲ್, ಇದು ಅವರ ಕೊನೆಯ ಪದಬಂಧ. ಪ್ರತಿಯೊಂದನ್ನೂ ಅವರ ಪತ್ನಿ ಮೊದಲು ಬಿಡಿಸುತ್ತಿದ್ದರು. ಎರಡನೆಯ ಸಾಲನ್ನು ಪಿಮ್ ತಾವಾಗಿಯೇ ಸೇರಿಸಿದ್ದಾರೆ.

ಟೀ ಮಾಡಿಕೊಂಡು, ಮೇಜಿನ ಮುಂದೆ ನನ್ನ ಜಾಗದಲ್ಲಿ ಕೂತು, ಗಡಿಯಾರ ನೋಡಿ ಶುರು ಮಾಡಿದೆ. ಉತ್ತರವೆಲ್ಲ ಗೊತ್ತಿದ್ದದ್ದೇ, ಕೈ ಓಡುವಷ್ಟು ಹೊತ್ತು. ಸ್ಟಾಪ್ ಅನ್ನು ಕೊನೆಗೆ ಉಳಿಸಿಕೊಂಡೆ. ಅದನ್ನೂ ಬರೆದು ನೋಡಿದಾಗ ಹತ್ತೂವರೆ ನಿಮಿಷವಾಗಿತ್ತು.

ಉಳಿದ ಒಂದೂವರೆ ನಿಮಿಷ ಸುಮ್ಮನೆ ಕೂತೆ. ಹಿಂದೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಮೂಲೆಯಲ್ಲಿ ಬರೆದೆ: ವಿ. 12 ನಿಮಿಷ. ನ್ಯಾಯವಾಗಿದೆ.